ಮೇಲಿನ ಮನೆಯ ಲೆಕ್ಕ

ಇಂದಿರಾನಗರದ ನಮ್ಮ ಮನೆಗೆ ಎರಡು ಅಂತಸ್ತು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಇದು ಹಾಲಿನವನಿಗೆ ಗೊತ್ತು, ಪೇಪರ್ ಹುಡುಗನಿಗೆ ಗೊತ್ತು, ಬೀದಿ ನಾಯಿಗೂ ಗೊತ್ತು. ಮೇಲಿನವರು ಬಂದರೆ ಅದು ಬಾಲ ಅಲ್ಲಾಡಿಸುತ್ತದೆ, ನಮ್ಮನ್ನು ಕಂಡರೆ ಇಲ್ಲ. ಗೊತ್ತಿಲ್ಲದೆ ಇದ್ದದ್ದು ಮಹಾನಗರ ಪಾಲಿಕೆಗೆ ಮಾತ್ರ. ಅದಕ್ಕೆ ಹೇಳಬೇಕಾಗಿದ್ದವಳು ನಾನು. ಹೇಳಿರಲಿಲ್ಲ.

ಬೇರೆ ಊರುಗಳ ಓದುಗರಿಗೆ ಸ್ವಲ್ಪ ವಿವರಿಸಬೇಕು. ಬೆಂಗಳೂರಿನಲ್ಲಿ ಮನೆ ಕಂದಾಯಕ್ಕೆ ಸ್ವಯಂ ಘೋಷಣೆಯ ಪದ್ಧತಿ ಬಂದದ್ದು 2000ದಲ್ಲಿ. 2008ರಲ್ಲಿ ಅದನ್ನು ಬದಲಾಯಿಸಿ, ಊರನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ಚದರಡಿಗೆ ಇಷ್ಟು ಎಂದು ದರ ಗೊತ್ತುಮಾಡಿದರು. ಮನೆಯವರೇ ವಾಸವಿದ್ದರೆ ಒಂದು ದರ, ಬಾಡಿಗೆಗೆ ಕೊಟ್ಟಿದ್ದರೆ ಅದರ ಇಮ್ಮಡಿ. ಎಷ್ಟು ಚದರಡಿ, ಯಾರು ವಾಸ ಎಂಬುದನ್ನೆಲ್ಲ ನಾವೇ ಬರೆದು, ನಾವೇ ಕೂಡಿ, ನಾವೇ ಕಟ್ಟಬೇಕು. ಬೇಗ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಸರ್ಕಾರ ನಮ್ಮ ಮಾತನ್ನು ನಂಬುತ್ತದೆ ಎಂಬುದೇ ನನಗೆ ಆಗ ಸೋಜಿಗವಾಗಿತ್ತು.

ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಿದ್ದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, “ಮೇಲಿನದ್ದೂ ನಾವೇ ಇರೋದು ಅಂತ ಬರಿ” ಎಂದರು. ವರ್ಷಕ್ಕೆ ಎರಡು ಸಾವಿರದಷ್ಟು ವ್ಯತ್ಯಾಸ. ಬರೆದೆ. ಕೈಯೇನೂ ನಡುಗಲಿಲ್ಲ. ಹೇಳಿಕೊಳ್ಳಲು ಕಾರಣ ಇತ್ತಲ್ಲ: ಕಟ್ಟಿದ ದುಡ್ಡು ನೆಟ್ಟಗೆ ಖರ್ಚಾಗುತ್ತದೆಂದು ಯಾರು ಕಂಡಿದ್ದಾರೆ? ದೊಡ್ಡ ದೊಡ್ಡವರೇ ಕಟ್ಟದಿರುವಾಗ ನಮ್ಮದೇನು ಮಹಾ! ಮುಂದೆ ಪ್ರತಿ ಏಪ್ರಿಲ್‌ನಲ್ಲೂ ಅದನ್ನೇ ಬರೆದೆ. ರಿಯಾಯಿತಿಯನ್ನೂ ಬಿಡಲಿಲ್ಲ. ಮೊದಲ ವಾರದಲ್ಲೇ ಕಂದಾಯ ಕಟ್ಟಿಬಿಡುವ ಮನೆ ನಮ್ಮದು ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆಲ್ಲ ಬಸ್ಸು ಉಚಿತ. ಅದಾದ ಒಂದೆರಡು ವಾರಕ್ಕೆ ನಮ್ಮ ಮನೆಯಲ್ಲಿ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಕಾಫಿಗೆ ಸೇರಿದ್ದೆವು. ಮಾತು ಅಲ್ಲಿಗೇ ಬಂತು. “ನಮ್ಮ ತೆರಿಗೆ ದುಡ್ಡಲ್ಲಿ ಎಲ್ಲರಿಗೂ ಬಿಟ್ಟಿ ಸವಾರಿ” ಅಂದವಳು ಬೇರೆ ಯಾರೂ ಅಲ್ಲ, ನಾನೇ. (ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಹರಿಸಿಕೊಂಡು ನಾನೂ ಶಿವಾಜಿನಗರಕ್ಕೆ ತರಕಾರಿಗೆ ಹೋಗಿ ಬಂದಿದ್ದೆ, ಅದು ಆ ಹೊತ್ತಿಗೆ ನೆನಪಾಗಲಿಲ್ಲ.)

ಹಿಂದೆ ಪಾತ್ರೆ ತೊಳೆಯುತ್ತಿದ್ದ ಸೆಲ್ವಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕೆ.ಆರ್. ಪುರದ ಆಚೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವವಳು. ಜಗಳದ ದನಿಯಲ್ಲ, ಏನೋ ತಿಳಿಸಿಕೊಡುವವಳ ಹಾಗೆ, “ನಾವೂ ಕಟ್ತೀವಲ್ಲಮ್ಮ. ಸೋಪಿಗೆ, ಪೇಸ್ಟಿಗೆ ಎಲ್ಲಾದಕ್ಕೂ ಐತಂತೆ. ನನ್ನ ಮಗ ಬಿಲ್ಲಲ್ಲಿ ತೋರಿಸ್ದ” ಅಂದಳು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಯಾರೋ ಮಳೆಯ ಮಾತು ತೆಗೆದರು.

ಅವಳ ಮಗ ಹೇಳಿದ್ದು ನಿಜ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ಸ್ನಾನದ ಸೋಪಿಗೆ, ತಲೆಗೆ ಹಾಕುವ ಎಣ್ಣೆಗೆ, ಟೂತ್‌ಪೇಸ್ಟಿಗೆ ಶೇಕಡಾ 18 ಇತ್ತು. ಅದು 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ನಾನು ಕೊಳ್ಳುವ ಸೋಪಿಗೂ ಅಷ್ಟೇ, ಸೆಲ್ವಿ ಕೊಳ್ಳುವ ಸೋಪಿಗೂ ಅಷ್ಟೇ. ಆದರೆ ಸೆಲ್ವಿಗೆ ಸ್ವಯಂ ಘೋಷಣೆ ಇಲ್ಲ. ಅಂಗಡಿಯವನ ಹತ್ತಿರ ‘ಇದು ಅರ್ಧ ಸೋಪು ಅಂತ ಬರ್ಕೊಳ್ಳಪ್ಪ’ ಎನ್ನುವ ಹಾಗಿಲ್ಲ. ಸರ್ಕಾರ ನಂಬಿದ್ದು ನನ್ನನ್ನು. ಅವಳನ್ನು ನಂಬುವ ಪ್ರಸಂಗವೇ ಬರಲಿಲ್ಲ, ಮೊದಲೇ ವಸೂಲು ಮಾಡಿಕೊಂಡುಬಿಟ್ಟಿತ್ತು.

ರಾತ್ರಿ ನಮ್ಮವರಿಗೆ ಹೇಳಿದೆ. “ಸರ್ಕಾರ ಸರಿಯಿಲ್ಲದಾಗ ತೆರಿಗೆ ಕೊಡದೆ ಇರೋದೂ ಒಂದು ಪ್ರತಿಭಟನೆ ಕಣೆ” ಎಂದರು. ಆ ಮಾತು ನನ್ನನ್ನು ಬಹಳ ದಿನ ಹಿಡಿದುಕೊಂಡಿತು. ಕರನಿರಾಕರಣೆ ನಮ್ಮ ನಾಡಿಗೆ ಹೊಸದಲ್ಲ. 1930ರ ಆಸುಪಾಸಿನಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದರು. ಜಮೀನು ಜಪ್ತಿಯಾಯಿತು, ಜೈಲಿಗೆ ಹೋದರು, ಹೆಂಗಸರೂ ಹಿಂದೆ ಬೀಳಲಿಲ್ಲ. ಆದರೆ ಅವರು ‘ಕೊಡುವುದಿಲ್ಲ’ ಎಂದು ಎದುರಿಗೆ ನಿಂತು ಹೇಳಿದವರು. ನಾನು ‘ಕೊಟ್ಟಿದ್ದೇನೆ’ ಎಂದು ಬರೆದು ಸಹಿ ಮಾಡಿದವಳು, ಮೇಲೆ ರಿಯಾಯಿತಿ ಪಡೆದವಳು. ಇದಕ್ಕೆ ಪ್ರತಿಭಟನೆ ಅನ್ನಲು ನನಗೇ ನಾಚಿಕೆಯಾಯಿತು.

ಅಷ್ಟಕ್ಕೂ ನಾನು ಉಳಿಸಿದ್ದು ಯಾರ ಪಾಲು? 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಾಡಿದಾಗ ಕೆ.ಆರ್. ಪುರವೂ ನಮ್ಮೊಂದಿಗೆ ಸೇರಿತು. ಕಾವೇರಿ ಐದನೇ ಹಂತದ ನೀರು ಆ ಹಳ್ಳಿಗಳತ್ತ ಹರಿಯಲು 2024ರ ಅಕ್ಟೋಬರ್ ಬರಬೇಕಾಯಿತು. ನೀರು ಬೇರೆ ಮಂಡಳಿಯ ಲೆಕ್ಕ, ಇರಲಿ. ರಸ್ತೆ, ಚರಂಡಿ, ಬೀದಿ ದೀಪ ಎಲ್ಲ ಈ ಕಂದಾಯದ್ದೇ ತಾನೆ? ನಮ್ಮ ಬೀದಿಗೆ ಅವು ಎಂದೋ ಬಂದಾಗಿತ್ತು. ಕಳ್ಳ ಅಧಿಕಾರಿಗೆ ನಾನು ತಪ್ಪಿಸಿದ್ದೇನೆ ಎಂದುಕೊಂಡಿದ್ದೆ. ದುಡ್ಡು ಕಡಿಮೆ ಬಿದ್ದರೆ ಕಡಿತವಾಗುವುದು ಸಾಲಿನ ಕೊನೆಯಲ್ಲಿ ನಿಂತವರಿಗೆ, ಅಧಿಕಾರಿಗಲ್ಲ.

2024ರಲ್ಲಿ ಪಾಲಿಕೆಯವರು ಬಾಕಿ ತೀರಿಸಲು ಒಂದು ಅವಕಾಶ ಕೊಟ್ಟರು. ಬಡ್ಡಿ ಪೂರ್ತಿ ಮನ್ನಾ, ದಂಡ ಅರ್ಧ; ಅದು ನವೆಂಬರ್ 30ರವರೆಗೆ ನಡೆಯಿತು. ನಮ್ಮವರೇ ಪೇಪರಿನಲ್ಲಿ ಓದಿ, “ಇದು ಒಳ್ಳೆ ಸ್ಕೀಮು ನೋಡು” ಎಂದರು. ಕಾಫಿಗೆ ಸೇರಿದ್ದವರಲ್ಲೂ ಒಬ್ಬಿಬ್ಬರು ಒಳ್ಳೆಯದೆಂದರು. ಮನೆ ಇದ್ದವರಿಗೆ ಬಡ್ಡಿ ಬಿಟ್ಟರೆ ಅದು ಸ್ಕೀಮು. ಬಿಟ್ಟಿ ಎಂಬ ಪದ ಅಂದು ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ.

ನಾನು ಹೋಗಿ ಮೇಲಿನ ಮನೆಯನ್ನು ಬಾಡಿಗೆ ಎಂದು ತಿದ್ದಿಸಿದೆ, ವ್ಯತ್ಯಾಸ ಕಟ್ಟಿದೆ. ಈಗ ಆ ಪಾಲಿಕೆಯೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದು ಐದಾಯಿತು. ಇಂದಿರಾನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ನಾನೂ ಸೆಲ್ವಿಯೂ ಈಗ ಒಂದೇ ಬೊಕ್ಕಸದವರಲ್ಲ.

ರಸೀದಿಗಳನ್ನು ಫೈಲಿಗೆ ಸೇರಿಸುತ್ತಿದ್ದಾಗ ಸೆಲ್ವಿ ನೆಲ ಒರೆಸುತ್ತ, “ಏನಮ್ಮಾ ಅಷ್ಟೊಂದು ಕಾಗದ?” ಎಂದಳು.

“ಮೇಲಿನ ಮನೆ ಲೆಕ್ಕ” ಎಂದೆ.

“ಸರಿಹೋಯ್ತಾ?”

ನಾನು ತಿದ್ದಿಸಿದ್ದು ಈಚಿನ ಕೆಲವು ವರ್ಷಗಳದ್ದು ಮಾತ್ರ. ಅದರ ಹಿಂದಿನದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. “ಹೂಂ” ಎಂದು, ಅವಳು ಒರೆಸಲೆಂದು ಕಾಲು ಮೇಲೆತ್ತಿ ಕೂತೆ.