ಬೆಕ್ಕನ್ನು ಕೇಳುವವರಾರು?

ವರ್ಗಾವಣೆಯ ಆರ್ಡರು ಬಂದೊಡನೆ ಮನೆಯಲ್ಲಿ ಏಳುವ ಪ್ರಶ್ನೆಗಳು ಮಕ್ಕಳ ಶಾಲೆ, ಬಾಡಿಗೆ ಮನೆ, ಸಾಮಾನಿನ ಲಾರಿ. ಬೆಕ್ಕಿನ ಮಾತು ಬರುವುದು ಕೊನೆಗೆ, ಅದೂ ಮಕ್ಕಳ ಬಾಯಿಂದ. ಆಗ ಹಿರಿಯರಾದ ನಾವು ಸಿದ್ಧ ಉತ್ತರವೊಂದನ್ನು ಕೊಡುತ್ತೇವೆ: “ನಾಯಿ ನಂಬುವುದು ಯಜಮಾನನನ್ನು, ಬೆಕ್ಕು ನಂಬುವುದು ಮನೆಯನ್ನು. ಅದು ಇಲ್ಲೇ ಸುಖವಾಗಿರುತ್ತದೆ.”

ನಾವೂ ಒಮ್ಮೆ ಹೀಗೆ ಹೇಳಿದವರೇ. ಮುಂಬಯಿಯ ಚಾಳಿನ ಕೋಣೆ ಬಿಟ್ಟು ದಿಲ್ಲಿಗೆ ಹೊರಟಾಗ ನೆರೆಮನೆಯವರಿಗೆ ಹಾಲಿನ ದುಡ್ಡು ಕೊಟ್ಟು ಬೆಕ್ಕನ್ನು ಬಿಟ್ಟುಬಂದೆವು. ತಿಂಗಳ ಮೇಲೆ ಅವರ ಕಾಗದ ಬಂತು. ಹಾಲು ಕುಡಿಯುತ್ತದೆ, ಆದರೆ ರಾತ್ರಿ ನಿಮ್ಮ ಬೀಗದ ಬಾಗಿಲ ಮುಂದೆಯೇ ಮಲಗುತ್ತದೆ ಎಂದಿತ್ತು. ಹೊಸ ಬಾಡಿಗೆಯವರು ಬಂದ ಮೇಲೆ ಅದು ಕಾಣಿಸಲೇ ಇಲ್ಲವಂತೆ. ಬೆಕ್ಕು ನಂಬುವ ಮನೆಯೆಂದರೆ ಗೋಡೆಯೋ, ಬಾಗಿಲು ತೆರೆಯುವ ಕೈಯೋ ಎಂದು ನಾವು ಯೋಚಿಸಿರಲಿಲ್ಲ.

ಹಾಗೆಂದು ಆ ಮಾತು ಪೂರ್ತಿ ಸುಳ್ಳಲ್ಲ. ಬೆಕ್ಕು ಬಾಗಿಲಿಗೆ, ಕುರ್ಚಿಯ ಕಾಲಿಗೆ, ನಮ್ಮ ಕಾಲಿಗೂ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚುತ್ತದೆ. ಆ ವಾಸನೆಯೇ ಅದರ ಮನೆ. ಊರಿನಲ್ಲಿ ಕಳ್ಳಬೆಕ್ಕನ್ನು ಗೋಣಿಚೀಲದಲ್ಲಿ ಹೊತ್ತು ಹಳ್ಳದಾಚೆ ಬಿಟ್ಟರೂ ಅದು ಮರಳಿ ಬಂದದ್ದನ್ನು ನಾವೆಲ್ಲ ಕೇಳಿಲ್ಲವೇ? ಅಂಥದನ್ನು ಸುಮಾರು 1,400 ಕಿಲೋಮೀಟರ್ ಒಯ್ಯುವುದೂ ಹಿಂಸೆಯೇ. ಬಿಟ್ಟರೆ ದ್ರೋಹ, ಒಯ್ದರೆ ಬಲಾತ್ಕಾರ. ಯಾವುದು ಧರ್ಮ?

ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ನೆನಪಾಗುತ್ತದೆ. ಆದರೆ ಆ ನಾಯಿ ತಾನಾಗಿಯೇ ಹಿಂದೆ ನಡೆದು ಬಂದಿತ್ತು. ಅದನ್ನು ಅಟ್ಟದಿದ್ದರೆ ಅವನಿಗೆ ಸಾಕಿತ್ತು. ಬೆಕ್ಕು ಹಾಗೆ ಬಾರದು. ಅದರ ಒಪ್ಪಿಗೆಯಿಲ್ಲದೆ ನಾವೇ ನಿರ್ಧರಿಸಬೇಕು. ತೀರಾ ಮುದಿಯಾದ, ಕಾಯಿಲೆಯ ಬೆಕ್ಕನ್ನು ಅದಕ್ಕೆ ಒಗ್ಗಿದ, ಮನಸಾರೆ ಒಪ್ಪಿದ ಮನೆಯಲ್ಲಿ ಬಿಡುವುದು ಸರಿಯಿರಬಹುದು. ದಾರಿ ಯಾವುದಾದರೂ, ಬಾಯಿಲ್ಲದ ಜೀವದ ಪರವಾಗಿ ನಿರ್ಧರಿಸಿದವರು ಅದರ ಕಷ್ಟದ ಪಾಲನ್ನೂ ಹೊರಬೇಕು.

ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಬೇಕೆಂದು 1978ರ ನಿಯಮಗಳು ಹೇಳುತ್ತವೆ. ಉಳಿದದ್ದು ನಮ್ಮ ಅಂತಃಕರಣಕ್ಕೆ ಬಿಟ್ಟದ್ದು.

ದಿಲ್ಲಿಯಿಂದ ಮರಳಿ ಮುಂಬಯಿಗೆ ವರ್ಗವಾದಾಗ ಮನೆಯಲ್ಲಿ ಬೇರೊಂದು ಬೆಕ್ಕಿತ್ತು. ಈ ಸಲ ಮೂರು ವಾರ ಮೊದಲೇ ಬುಟ್ಟಿಯನ್ನು ಬಾಯಿ ತೆರೆದು ಮೂಲೆಯಲ್ಲಿಟ್ಟೆವು. ಕ್ರಮೇಣ ಅದು ಅದರಲ್ಲೇ ಮಲಗತೊಡಗಿತು. ಹಾಸಿಗೆಯ ಹಳೇ ದುಪ್ಪಟಿಯನ್ನು ಒಗೆಯದೆ ಒಳಗೆ ಹಾಸಿದೆವು. ಹೊರಡುವ ದಿನ ಊಟ ಕಡಿಮೆ. ರೈಲಿನಲ್ಲಿ ಕೈಸುಟ್ಟುಕೊಂಡು ಇಡೀ ಕೂಪೆ ಕಾದಿರಿಸಿ, ರಾತ್ರಿಯೆಲ್ಲ ಅದರ ಕೂಗು ಕೇಳುತ್ತ ಕುಳಿತೆವು. ಹೊಸ ಮನೆಯಲ್ಲಿ ಒಂದೇ ಕೋಣೆ ಅದಕ್ಕೆ ಮೀಸಲು. ಎರಡು ದಿನ ಮಂಚದ ಕೆಳಗಿಂದ ಅಲುಗಲಿಲ್ಲ. ಮೂರನೆಯ ರಾತ್ರಿ ಮೆಲ್ಲಗೆ ಹೊರಬಂದು ನಮ್ಮ ಹಳೇ ಟ್ರಂಕಿಗೆ ಕೆನ್ನೆ ಉಜ್ಜಿತು.

ಅದನ್ನು ನೋಡುತ್ತ ನಮಗೆ ಊರಿನ ಜಗಲಿ ಬಿಡಿಸಿ ಮೂರನೆಯ ಮಹಡಿಗೆ ಕರೆತಂದ ನಮ್ಮ ತಾಯಿಯ ನೆನಪಾಯಿತು. ತಾವು ತಂದ ಹಿತ್ತಾಳೆ ಚೊಂಬನ್ನು ಅವರು ದಿನಕ್ಕೆ ಮೂರು ಸಲ ತಿಕ್ಕುತ್ತಿದ್ದರು. ಸ್ಟೀಲಿನದು ಇದೆಯಲ್ಲ, ಇದೇಕೆ ಎಂದು ನಾವು ಬೈಯುತ್ತಿದ್ದೆವು.