ಮೊಟ್ಟೆ, ಹಾಲು, ಒಂದು ಕುಡಿಕೆ ಹಿಟ್ಟು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ಹಳೆಯ ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಖಾನೆಯಲ್ಲಿ ಯಾವಾಗಲೂ ನಾಲ್ಕೈದು ಮೊಬೈಲುಗಳು ಬಿದ್ದಿರುತ್ತವೆ. ಎಲ್ಲವೂ ಮಕ್ಕಳಿಂದ ಕಿತ್ತುಕೊಂಡವು. ಕಿತ್ತುಕೊಳ್ಳುವವರಲ್ಲಿ ನನ್ನದೇ ಮೊದಲ ಹೆಸರು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಆಟವನ್ನು ನಿಷೇಧಿಸಿದಾಗ, ನಾನು ಆನ್‌ಲೈನ್ ಪಾಠವನ್ನು ಎರಡು ನಿಮಿಷ ನಿಲ್ಲಿಸಿ ಆ ಸುದ್ದಿಯನ್ನು ಮಕ್ಕಳಿಗೆ ಓದಿ ಹೇಳಿದ್ದೆ. ಎಷ್ಟು ಖುಷಿಯಿಂದ ಹೇಳಿದ್ದೆ ಎಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಯಾಕೆಂದರೆ ಅಂಥ ನಾನು ಈಗ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಕನ್ನಡಕ ಒರೆಸಿಕೊಂಡು, ಮೊಬೈಲಿನ ಪುಟ್ಟ ಪರದೆಯಲ್ಲಿ ಕೈಯಲ್ಲಿ ಬಕೆಟ್ಟು ಹಿಡಿದು ಹಸು ಹುಡುಕುತ್ತಾ ಅಲೆಯುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ಗೆಳತಿ. ಅವಳಿರುವುದು ಆರ್.ಟಿ. ನಗರದಲ್ಲಿ, ನಾನಿರುವುದು ಯಲಹಂಕ ಉಪನಗರದಲ್ಲಿ. ನಕ್ಷೆಯಲ್ಲಿ ನೋಡಿದರೆ ನಡುವೆ ಹೇಳಿಕೊಳ್ಳುವಂಥದ್ದು ಹೆಬ್ಬಾಳ ಒಂದೇ. ಆದರೆ ಆ ಹೆಬ್ಬಾಳ ಎಂಥದೆಂಬುದು ಸಂಜೆ ಆರು ಗಂಟೆಗೆ ಅಲ್ಲಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೇ ಗೊತ್ತು. ಹಾಗಾಗಿ ಮೂವತ್ತೈದು ವರ್ಷದ ಸ್ನೇಹ ದಸರಾ ರಜೆ, ಬೇಸಿಗೆ ರಜೆಗಳಿಗೆ ಇಳಿದಿತ್ತು. ಎರಡು ವರ್ಷದ ಹಿಂದೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಈಗ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಅಲುಗಾಡದೆ ಮಲಗಬೇಕು. ಬಲಗೈ ಬಿಡುವಾಗಿರುತ್ತದೆ. ಆ ಬಿಡುವಾದ ಕೈಗೆಂದು ಮಗ ಒಂದು ಟ್ಯಾಬ್ಲೆಟ್ ತಂದುಕೊಟ್ಟು, ತಾನು ಹುಡುಗನಾಗಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಆಡುತ್ತಿದ್ದ ಆಟವನ್ನೇ ಹಾಕಿಕೊಟ್ಟ. ಬೆರಳಿನಲ್ಲಿ ತಟ್ಟಿದರೆ ಸಾಕು, ನಮ್ಮ ಪಾತ್ರ ನಡೆಯುತ್ತದೆ, ಮರ ಕಡಿಯುತ್ತದೆ, ಮೀನು ಹಿಡಿಯುತ್ತದೆ. ಒಂದು ಕೈಯವರಿಗೆ ಹೇಳಿ ಮಾಡಿಸಿದಂತಿದೆ.

"ನೀನೂ ಬಾರೇ," ಎಂದಳು ಒಂದು ದಿನ ಫೋನಿನಲ್ಲಿ. "ಇಲ್ಲಿಗೆ ಬರೋಕೆ ಹೆಬ್ಬಾಳ ದಾಟಬೇಕಾಗಿಲ್ಲ."

ಆಟದ ಹೆಸರು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಹೆಸರಿನಲ್ಲೇ ಸ್ಕೂಲ್ ಇದ್ದುದರಿಂದ ಸ್ವಲ್ಪ ಧೈರ್ಯ ಬಂತು ಎನ್ನಿ. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಎಂಬ ಕಂಪನಿಯದು. ಮೂಲ ಆಟ ಆರಂಭವಾದದ್ದು 2001ರ ಜನವರಿಯಲ್ಲಿ. ಕಾಲಕ್ರಮದಲ್ಲಿ ಅದು ತುಂಬ ಬದಲಾಗಿ ಹಳಬರಿಗೆ ಬೇಸರವಾದಾಗ, 2007ರಲ್ಲಿ ಹೇಗಿತ್ತೋ ಹಾಗೆ ಇನ್ನೊಂದನ್ನು 2013ರಲ್ಲಿ ತೆರೆದರು. 2018ರಲ್ಲಿ ಅದು ಮೊಬೈಲಿಗೂ ಬಂತು. ಇಂಥ ಆಟಗಳ ಬೇರು ಇನ್ನೂ ಹಿಂದಕ್ಕೆ, 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ, ಚಿತ್ರವೇ ಇಲ್ಲದ ಬರೀ ಅಕ್ಷರಗಳ ಆಟಕ್ಕೆ ಹೋಗುತ್ತದಂತೆ. ಒಂದು ಮಾತು ಹೇಳಿಬಿಡುತ್ತೇನೆ: ಹಣ ಪಣಕ್ಕಿಟ್ಟು ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತಲ್ಲ, ಇದು ಆ ಜಾತಿಯದಲ್ಲ. ಇದರಲ್ಲಿ ನಾನು ಈವರೆಗೆ ಕಳೆದುಕೊಂಡಿರುವುದು ನಿದ್ದೆ ಮಾತ್ರ.

ಹೊಸಬರನ್ನು ಮೊದಲು ಒಂದು ದ್ವೀಪಕ್ಕೆ ಬಿಟ್ಟು, ಬೆಂಕಿ ಹಚ್ಚುವುದು, ಅಡುಗೆ ಮಾಡುವುದು, ಕತ್ತಿ ಹಿಡಿಯುವುದು ಎಲ್ಲ ಕಲಿಸುತ್ತಾರೆ. ಪಾಠ ಚೆನ್ನಾಗಿಯೇ ಇದೆ. ಒಂದು ಸಲಕ್ಕೆ ಒಂದೇ ವಿಷಯ, ಮಾಡಿ ತೋರಿಸಿದ ಮೇಲೆಯೇ ಮುಂದಿನ ಬಾಗಿಲು. ಬಿ.ಎಡ್.ನಲ್ಲಿ ನಮಗೆ ಹೇಳಿಕೊಟ್ಟು ನಾವು ತರಗತಿಯಲ್ಲಿ ಮರೆತದ್ದನ್ನು ಇವರು ಪಾಲಿಸಿದ್ದಾರೆ. ಅಲ್ಲಿಂದ ಲಂಬ್ರಿಜ್ ಎಂಬ ಊರಿಗೆ ಬಂದೆ. ಕೋಟೆಯ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವನು ಕಂಗಾಲಾಗಿ ನಿಂತಿದ್ದ. ದೊರೆಯ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು, ಸಾಮಾನಿಲ್ಲ. ಒಂದು ಮೊಟ್ಟೆ, ಒಂದು ಬಕೆಟ್ಟು ಹಾಲು, ಒಂದು ಕುಡಿಕೆ ಹಿಟ್ಟು ತಂದುಕೊಡಬೇಕು. ರಾಕ್ಷಸರನ್ನು ಕೊಲ್ಲುವ ಆಟವೆಂದು ಹೆದರಿಕೊಂಡು ಬಂದರೆ ಇಲ್ಲಿಯೂ ಅಂಗಡಿ ಸಾಮಾನು ತರುವ ಕೆಲಸವೇ ನನಗೆ ಕಾದಿತ್ತು!

ಆದರೆ ಕೆಲಸ ಸೊಗಸಾಗಿತ್ತು. ಕೋಳಿಗೂಡಿನ ನೆಲದಲ್ಲಿ ಮೊಟ್ಟೆ ಹುಡುಕಬೇಕು. ಹೊಲಕ್ಕೆ ಹೋಗಿ ಗೋಧಿ ಕಿತ್ತು, ಗಾಳಿಗಿರಣಿಯ ಮೇಲಂತಸ್ತಿಗೆ ಹತ್ತಿ, ಅಲ್ಲಿನ ತೊಟ್ಟಿಗೆ ಸುರಿದು, ಸನ್ನೆ ಎಳೆದು, ಮತ್ತೆ ಕೆಳಗಿಳಿದು ಬಂದರೆ ಹಿಟ್ಟು ಬಿದ್ದಿರುತ್ತದೆ. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ಯಾಕೆಂದರೆ ನಾನು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ನೀಲಿ ಕವಚ ತೊಟ್ಟು ನನ್ನ ಗೆಳತಿ ಎದುರಿಗೆ ನಿಂತಿದ್ದಳು. "ತಗೋ" ಎಂದು ಮೊಟ್ಟೆ, ಹಾಲು, ಹಿಟ್ಟು ಮೂರನ್ನೂ ನನ್ನ ಚೀಲಕ್ಕೆ ಹಾಕಿದಳು. ನಾನು ತಿರುಗಿ ಅಡುಗೆಯವನಿಗೆ ಕೊಟ್ಟೆ. ಕಹಳೆ ಮೊಳಗಿತು. ನಿಮ್ಮ ಮೊದಲ ಸಾಹಸ ಮುಗಿಯಿತು ಎಂಬಂತೆ ಅಭಿನಂದನೆ ಬಂತು. ಪೂರ್ತಿ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ನನಗೆ ಸಂತೋಷವಾಗಲಿಲ್ಲ. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದು ನೂರಕ್ಕೆ ನೂರು ಬಂದ ಹುಡುಗನ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಖುಷಿ ಇರುವುದಿಲ್ಲ, ಸಿಕ್ಕಿಬೀಳಲಿಲ್ಲವಲ್ಲ ಎಂಬ ಸಮಾಧಾನವಿರುತ್ತದೆ. ನನಗೆ ಅದೂ ಇರಲಿಲ್ಲ. ಇನ್ನೂ ಕೆಳಗೆ ಯಾವುದೋ ಹಳೆಯ ಗಾಯ ಕೆರಳಿದ ಹಾಗಾಯಿತು.

ಅದೇನೆಂದು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. 1992ರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಾಗ ಮನೆಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಅವಳಿಗೆ ಆಗಷ್ಟೇ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ನಾನು ಕೇಳಲಿಲ್ಲ. ಅವಳೇ ಒಂದು ಕವರಿನಲ್ಲಿ ಹಾಕಿ ತಂದುಕೊಟ್ಟಳು. ಕೆಲಸ ಸಿಕ್ಕ ಎರಡು ವರ್ಷದಲ್ಲಿ ಕೊನೆಯ ಕಂತಿನವರೆಗೂ ತೀರಿಸಿದೆ. ಹಣ ತೀರಿತು. ಆದರೆ ಅವಳೊಂದಿಗೆ ಎಲ್ಲಿಗೆ ಹೋದರೂ ಹೋಟೆಲಿನ ಬಿಲ್ಲಿಗೆ ಮೊದಲು ಕೈ ಹಾಕಲು ನಾನು ಪೈಪೋಟಿ ಮಾಡುತ್ತಿದ್ದೆ. ಅವಳು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಹತ್ತನೆಯ ತರಗತಿಗೆ ಎಷ್ಟೋ ವರ್ಷ ಕುಮಾರವ್ಯಾಸನ ಕರ್ಣನನ್ನು ಪಾಠ ಮಾಡಿದ್ದೇನೆ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿದರೂ ಕರ್ಣ ದುರ್ಯೋಧನನನ್ನು ಬಿಡಲಿಲ್ಲ, ಇದು ಸ್ನೇಹನಿಷ್ಠೆ, ಎಂದು ಮಕ್ಕಳಿಗೆ ಬರೆಸಿದ್ದೇನೆ. ಬರೆಸುವಾಗಲೆಲ್ಲ ಒಳಗೊಂದು ಪ್ರಶ್ನೆ ಉಳಿದೇ ಇರುತ್ತಿತ್ತು. ಬಿಲ್ವಿದ್ಯೆ ಕರ್ಣ ತಾನೇ ಕಲಿತದ್ದು. ಅದನ್ನು ತೋರಿಸಲು ರಂಗಕ್ಕೆ ಇಳಿದಾಗ ಕುಲ ಕೇಳಿದರು. ಆ ಕ್ಷಣದಲ್ಲಿ ದುರ್ಯೋಧನ ಅಂಗರಾಜ್ಯ ಕೊಟ್ಟು ಕಾಪಾಡಿದ. ಅಂದಿನಿಂದ ಕರ್ಣನ ಬಿಲ್ಲು ಕರ್ಣನದಾಗಿ ಉಳಿಯಿತೇ? ಒಬ್ಬರ ಆರಂಭವನ್ನು ಇನ್ನೊಬ್ಬರು ಕೊಟ್ಟರೆ, ಆಮೇಲಿನದೆಲ್ಲ ಯಾರದು? ನಾನು ಮೇಡಂ ಎಂದು ಕರೆಸಿಕೊಂಡ ಈ ಮೂವತ್ತು ವರ್ಷಗಳಲ್ಲಿ ಆ ಕವರಿನ ಪಾಲು ಎಷ್ಟು?

ಮಾರನೆಯ ದಿನ ಅವಳು ನನಗೆ ತನ್ನದೇ ಥರದ ಒಂದು ಜೊತೆ ನೀಲಿ ಕವಚ, ಕತ್ತಿ ಕೊಟ್ಟಳು. ತೊಟ್ಟುಕೊಳ್ಳಲು ಹೋದರೆ ಆಟ ಒಪ್ಪಲಿಲ್ಲ. ಈ ಕವಚಕ್ಕೆ ರಕ್ಷಣೆಯಲ್ಲಿ ನಲವತ್ತನೆಯ ಹಂತ ತಲುಪಿರಬೇಕು, ಕತ್ತಿಗೆ ದಾಳಿಯಲ್ಲಿ ನಲವತ್ತು. ನನ್ನದು ಒಂದು. ಎರಡನೆಯ ಹಂತಕ್ಕೆ 83 ಅಂಕ ಸಾಕು, ನಲವತ್ತಕ್ಕೆ 37,224 ಬೇಕು. ಕೊನೆಯ ಹಂತವಾದ ತೊಂಬತ್ತೊಂಬತ್ತಕ್ಕೆ ಒಂದು ಕೋಟಿ ಮೂವತ್ತು ಲಕ್ಷ ಚಿಲ್ಲರೆ. ಅದರ ಅರ್ಧ ದಾರಿ ಬರುವುದು ಐವತ್ತರಲ್ಲಲ್ಲ, ತೊಂಬತ್ತೆರಡರಲ್ಲಿ. ಗಣಿತದ ಮೇಷ್ಟ್ರಿಗೆ ಈ ಲೆಕ್ಕ ತೋರಿಸಿದೆ, ಅವರು ಇಡೀ ಲೀಜರ್ ಪೀರಿಯಡ್ ಅದರಲ್ಲೇ ಕಳೆದರು. ಈ ಅಂಕಕ್ಕೆ ಆಟದಲ್ಲಿ ಅನುಭವ ಎಂದೇ ಹೆಸರು. ಚಿನ್ನ ಕೊಡಬಹುದು, ಕವಚ ಕೊಡಬಹುದು, ಅನುಭವವನ್ನು ಮಾತ್ರ ಒಬ್ಬರು ಇನ್ನೊಬ್ಬರ ಚೀಲಕ್ಕೆ ಹಾಕುವಂತಿಲ್ಲ. ಈ ನಿಯಮ ಮಾಡಿದವರ ಮೇಲೆ ನನಗೆ ಗೌರವ ಬಂತು. ಅದೇ ಹುರುಪಿನಲ್ಲಿ ಗೆಳತಿಗೆ ಹೇಳಿಬಿಟ್ಟೆ: "ಇನ್ನು ಮೇಲೆ ಏನೂ ಕೊಡಬೇಡ ಕಣೇ. ನನ್ನ ಮೊಟ್ಟೆ ನಾನೇ ಹುಡುಕ್ಕೋತೀನಿ."

"ಸರಿ," ಎಂದಳು. ಆಮೇಲೆ ನಾಲ್ಕು ದಿನ ಆಟಕ್ಕೆ ಬರಲಿಲ್ಲ.

ಭಾನುವಾರ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಹೋದೆ. ಇಂಥ ರೋಗಿಯ ಮನೆಗೆ ಏನು ಒಯ್ಯುವುದು? ಬಾಳೆಹಣ್ಣು ಕೂಡದು, ಎಳನೀರು ಕೂಡದು, ಉಪ್ಪಿನದು ಕೂಡದು. ಕುಡಿಯುವ ನೀರಿಗೂ ಅಳತೆಯ ಲೋಟ. ಬರಿಗೈಯಲ್ಲಿ ಹೋಗಿ ಕುಳಿತೆ. ಸೊಸೆ ಅವಳಿಗೆ ಮಾತ್ರೆ ತಂದುಕೊಟ್ಟಳು, ಮಗ ದಿಂಬು ಸರಿಮಾಡಿದ, ಕೆಲಸದವಳು ಕಾಲಿಗೆ ಎಣ್ಣೆ ಹಚ್ಚಿದಳು. ಎಲ್ಲರೂ ಹೋದ ಮೇಲೆ ಅವಳು ಹೇಳಿದಳು.

"ಬೆಳಗ್ಗೆಯಿಂದ ರಾತ್ರಿವರೆಗೂ ಎಲ್ಲರೂ ನನಗೆ ಕೊಡ್ತಾನೇ ಇರ್ತಾರೆ. ನಾನು ಥ್ಯಾಂಕ್ಸ್ ಹೇಳ್ತಾನೇ ಇರಬೇಕು. ಕೊಡೋದಕ್ಕೆ ಅಂತ ನನ್ನ ಹತ್ರ ಉಳಿದಿರೋದು ಆ ಮೊಟ್ಟೆ, ಹಿಟ್ಟು. ಅದನ್ನೂ ಬೇಡ ಅಂದೆ."

ನನಗೆ ಮಾತು ಹೊರಡಲಿಲ್ಲ. ನನ್ನ ಮೂವತ್ತು ವರ್ಷದ ಪ್ರಶ್ನೆಯಲ್ಲಿ ಪಡೆಯುವವಳ ಸಂಕಟ ಒಂದೇ ಇತ್ತು, ಆ ಸಂಕಟ ನನ್ನೊಬ್ಬಳದೇ ಎಂದು ತಿಳಿದಿದ್ದೆ. ಈಗ ಅದನ್ನು ದಿನಕ್ಕೆ ಹತ್ತು ಸಲ ನುಂಗುತ್ತಿರುವವಳು ಅವಳು. ಹಾಗೆಂದು ಅವಳು ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದೇ ಸರಿಯೆ? ರೋಗಿಯ ಸಮಾಧಾನಕ್ಕೆಂದು ತೆಗೆದುಕೊಂಡರೆ ಅದೂ ನಾನು ಅವಳಿಗೆ ಹಾಕುವ ಭಿಕ್ಷೆಯಾಗುವುದಿಲ್ಲವೆ? ಅದು ಅವಳಿಗೆ ತಿಳಿಯದಿರುತ್ತದೆಯೆ? ಮೂವತ್ತೈದು ವರ್ಷದಿಂದ ನನ್ನ ಮುಖ ಓದಿದವಳು.

ಕಾಫಿ ತಂದ ಮಗ ಒಂದು ಹಳೆಯ ಸಂಗತಿ ಹೇಳಿದ. ಆಟದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವ ದಂಧೆಕೋರರು ಹೆಚ್ಚಾದಾಗ, ಕಂಪನಿ ಒಂದು ನಿಯಮ ತಂದಿತಂತೆ: ಒಂದು ಸಣ್ಣ ಮಿತಿಯನ್ನು ಬಿಟ್ಟರೆ, ಸರಿಸಮನಾದ ಬೆಲೆಯದನ್ನು ಪಡೆಯದೆ ಯಾರೂ ಯಾರಿಗೂ ಏನನ್ನೂ ಕೊಡುವಂತಿಲ್ಲ. ಕಳ್ಳರನ್ನು ತಡೆಯಲು ಹೂಡಿದ ಉಪಾಯ. ಅದರಲ್ಲಿ ಗೆಳೆಯರೂ ಸಿಕ್ಕಿಬಿದ್ದರು. ಪರೀಕ್ಷೆಯ ಕೋಣೆಯಲ್ಲಿ ರಬ್ಬರು ಕೊಟ್ಟವನನ್ನೂ ನಾವು ಗದರಿಸುತ್ತೇವಲ್ಲ, ಹಾಗೆ. ಮೂರು ವರ್ಷದ ಮೇಲೆ ಆಟಗಾರರ ಮತ ಕೇಳಿದರು. ಹತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದು, ಬಹುಪಾಲು ಮಂದಿ ಮೊದಲಿನಂತೆ ಕೊಟ್ಟುಕೊಳ್ಳಲು ಬಿಡಿ ಎಂದದ್ದರಿಂದ 2011ರ ಫೆಬ್ರುವರಿಯಲ್ಲಿ ನಿಯಮ ಹೋಯಿತು. "ಆ ಮೂರು ವರ್ಷ ಆಟ ಸಪ್ಪೆ ಇತ್ತು ಆಂಟಿ," ಎಂದ. ಲೆಕ್ಕ ಸರಿಯಾಗಿದ್ದೂ ಸಪ್ಪೆ. ನಾನು ಸ್ನೇಹದಲ್ಲಿ ಜಾರಿಗೆ ತಂದ ನಿಯಮವೂ ಅದೇ ಅಲ್ಲವೆ, ಅದಕ್ಕೆ ಮೂರಲ್ಲ, ಮೂವತ್ತು ವರ್ಷವಾಗಿತ್ತು.

ಇದೆಲ್ಲ ಒಂದು ಆಟದ ಮೊಟ್ಟೆಗಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಎಂಬ ತರುಣನಿದ್ದ. ಸ್ನಾಯುಗಳು ಕ್ಷೀಣಿಸುವ ಕಾಯಿಲೆ. ಗಾಲಿಕುರ್ಚಿಯಲ್ಲಿ ಕುಳಿತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಮಗ ಗೆಳೆಯರಿಲ್ಲದೆ ಬದುಕಿದ ಎಂದು ತಂದೆತಾಯಿ ಕೊರಗುತ್ತಿದ್ದರು. 2014ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವನು ತೀರಿಕೊಂಡ ಸುದ್ದಿಯನ್ನು ಅವರು ಹಾಕಿದಾಗ ಬೇರೆ ಬೇರೆ ದೇಶಗಳಿಂದ ಪತ್ರಗಳು ಬಂದವು. ಆಟದೊಳಗೆ ಅವನು ಎಷ್ಟೋ ಜನರ ಕಷ್ಟ ಕೇಳಿದ್ದ, ಜಗಳ ಬಿಡಿಸಿದ್ದ. ಆ ಮೈಯಲ್ಲಿ ಕೈ ಎತ್ತಲಾಗದವನು ಇನ್ನೊಂದು ಮೈಯಲ್ಲಿ ಕೊಡುತ್ತಲೇ ಇದ್ದ. ಅವನ ಮೇಲೆ 2024ರಲ್ಲಿ ಬಂದ ಸಾಕ್ಷ್ಯಚಿತ್ರವನ್ನು ನಾನು ನೋಡಿದ್ದು ಆ ಭಾನುವಾರ ಮನೆಗೆ ಬಂದ ಮೇಲೆ.

ಮಂಗಳವಾರ ಅವಳ ಡಯಾಲಿಸಿಸ್ ದಿನ. ನನ್ನದು ದಸರಾ ರಜೆ. ಕೊಟ್ಟ ಕವಚವನ್ನು ವಾಪಸು ಮಾಡಲಿಲ್ಲ, ಆಟದ ಬ್ಯಾಂಕಿನಲ್ಲಿಟ್ಟಿದ್ದೇನೆ. ಆದರೆ ಬೆಳಗ್ಗೆಯೇ ಎದ್ದು ಒಂದು ಬಲೆ ಹಿಡಿದು ನೀರಿನ ದಡಕ್ಕೆ ಹೋದೆ. ಹೊಸಬರಿಗೆ ಸಿಕ್ಕುವುದು ಸೀಗಡಿ. ಬದುಕಿನಲ್ಲಿ ಮೀನು ಮುಟ್ಟಿದವಳಲ್ಲ, ಇಲ್ಲಿ ಮರ ಕಡಿದು ಬೆಂಕಿ ಹಾಕಿ ಸುಡಲು ಕುಳಿತೆ. ಅರ್ಧಕ್ಕರ್ಧ ಕರಟಿಹೋಯಿತು. ಮತ್ತೆ ಹಿಡಿದೆ, ಮತ್ತೆ ಸುಟ್ಟೆ. ಚೀಲದಲ್ಲಿ ಇಪ್ಪತ್ತೆಂಟು ಜಾಗ. ಬಲೆಗೊಂದು ಬಿಟ್ಟು ಇಪ್ಪತ್ತೇಳು ಒಳ್ಳೆಯ ಸೀಗಡಿ ತುಂಬಲು ಒಂದೂವರೆ ಗಂಟೆ ಹಿಡಿಯಿತು. ಒಂದು ತಿಂದರೆ ಬರುವ ಚೇತನ ಮೂರೇ ಮೂರು ಅಂಕ. ಅವಳ ಮಟ್ಟದವರು ಇದನ್ನು ತಿರುಗಿಯೂ ನೋಡುವುದಿಲ್ಲ.

ಹತ್ತು ಗಂಟೆಗೆ ಅವಳು ಬಂದಳು. ಇಪ್ಪತ್ತೇಳನ್ನೂ ಅವಳ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಅಲ್ಲಿ ನಿಂತದ್ದೋ, ಇಲ್ಲಿ ನರ್ಸ್ ಬಂದು ಏನಾದರೂ ನೋಡುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ತೆಗೆದುಕೊಂಡಳು. ಅವಳ ಪ್ರಾಣದ ಅಂಕ ತುಂಬಿಯೇ ಇತ್ತು. ಆದರೂ ಒಂದು ಸೀಗಡಿ ತಿಂದಳು. ಆ ಪರದೆಯಲ್ಲಿ ಕನ್ನಡ ಮೂಡುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಕನ್ನಡ. ಅವಳ ತಲೆಯ ಮೇಲೆ ಹಳದಿ ಅಕ್ಷರಗಳು ಕಾಣಿಸಿಕೊಂಡವು:

"ಉಪ್ಪು ಸ್ವಲ್ಪ ಜಾಸ್ತಿಯಾಯ್ತು ಕಣೇ. ಡಾಕ್ಟರಿಗೆ ಹೇಳಬೇಡ."