ಚಾರ್ಜ್ ಕೊಟ್ಟ ಮೇಲೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರನಾಗಿ ನನ್ನ ಕೊನೆಯ ಪಾಳಿ. ಡೈರಿಯಲ್ಲಿ ಎಂದಿನಂತೆ ಚಾರ್ಜ್ ಕೊಟ್ಟೆ ಎಂದು ಬರೆದು ಸಹಿ ಹಾಕಿದೆ. ಮುಂದಿನವರು ಚಾರ್ಜ್ ತೆಗೆದುಕೊಂಡೆ ಎಂದು ಬರೆದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಸಂಕಟ ಶುರುವಾದದ್ದು ಮರುದಿನ. ಹುಬ್ಬಳ್ಳಿ ಕಡೆಯ ಗಾಡಿ ಕೂಗಿದರೆ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಸಂತೆಯಲ್ಲಿ ಯಾರಾದರೂ ‘ಮಾಸ್ಟ್ರೇ’ ಎಂದರೆ ತಿರುಗಿ ನೋಡಲು ಸಂಕೋಚ. ಮೂವತ್ತಾರು ವರ್ಷದ ಕೆಲಸ ಕಳಚಿದ ಮೇಲೆ ಉಳಿಯುವ ‘ನಾನು’ ಯಾರು?

ಆ ದಿನಗಳಲ್ಲೇ ಮಗಳು ಹಳೇಬೀಡಿಗೆ ಕರೆದುಕೊಂಡು ಹೋದಳು. ಹೊಯ್ಸಳೇಶ್ವರನ ಗುಡಿಯ ಜನಜಂಗುಳಿ ದಾಟಿ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಬಂದೆವು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಗಂಗರಾಜ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು, ಬಿರುದುಗಳ ಸಾಲನ್ನೇ ಹೊತ್ತವನು. ಅಂಥವನ ನೆನಪಿಗೆ ನಿಲ್ಲಿಸಿರುವ ತೀರ್ಥಂಕರನ ಮೈಮೇಲೆ ಒಂದೆಳೆ ಬಟ್ಟೆಯಿಲ್ಲ. ನವರಂಗದ ಕಂಬಗಳು ಕನ್ನಡಿಯಷ್ಟು ನುಣುಪು. ಒಂದರಲ್ಲಿ ನನ್ನ ಮುಖ ಕಂಡಿತು, ಯಾರೋ ಅಪರಿಚಿತನ ಮುಖದ ಹಾಗೆ.

ಆ ಮೂರ್ತಿಯ ನಿಲುವಿಗೆ ಜೈನರು ಕಾಯೋತ್ಸರ್ಗ ಎನ್ನುತ್ತಾರೆ. ದೇಹದ ಮಮತೆಯನ್ನೂ ಬಿಟ್ಟುಕೊಡುವುದು. ತೋಳುಗಳು ಇಳಿಬಿದ್ದಿವೆ, ಬೆರಳುಗಳು ಏನನ್ನೂ ಹಿಡಿದಿಲ್ಲ. ಆದರೂ ಬೆನ್ನು ನೆಟ್ಟಗಿದೆ. ಎಲ್ಲ ಬಿಟ್ಟವನು ಕುಸಿಯದೆ ನಿಂತಿದ್ದಾನಲ್ಲ ಎಂದು ಬಹಳ ಹೊತ್ತು ನೋಡಿದೆ.

ಆಗ ಹೊಳೆಯಿತು: ಸರ್ವಿಸ್ ಪೂರ್ತಿ ನಾನು ಮಾಡಿದ್ದೂ ಇದನ್ನೇ. ಪ್ರತಿ ಪಾಳಿಯ ಕೊನೆಗೆ ಚಾರ್ಜ್ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಬಂದಿದ್ದೇನೆ. ಸ್ಟೇಷನ್ ನನ್ನ ವಶಕ್ಕೆ ಬಂದಿತ್ತು, ನನ್ನದಾಗಿರಲಿಲ್ಲ. ನನ್ನದು ಅನ್ನುವಂಥದ್ದು ಎಚ್ಚರ ಒಂದೇ, ಗಾಡಿಯಲ್ಲಿ ಕೂತವರು ಕ್ಷೇಮವಾಗಿ ತಲುಪಲಿ ಎಂಬ ಎಚ್ಚರ. ಅದನ್ನು ಯಾವ ಡೈರಿಯಲ್ಲೂ ಬರೆದುಕೊಟ್ಟಿರಲಿಲ್ಲ.

ಅಲ್ಲಿಂದ ಬೇಲೂರಿಗೆ ಹೋದೆವು. 1117ರ ಚೆನ್ನಕೇಶವನ ಗುಡಿಯ ಶಿಲ್ಪಗಳಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ತಂದೆಯ ಕಸುಬು ಮಗನ ಕೈಗೆ ಬಂದಿತ್ತು. ನಮ್ಮೂರು ಅರಸೀಕೆರೆಯ ಶಿವಾಲಯ ಕಟ್ಟಿದ್ದು 1220ರಲ್ಲಿ. ಒಂದು ಶತಮಾನ ಕೈಯಿಂದ ಕೈಗೆ ದಾಟಿದ ವಿದ್ಯೆ ಅಲ್ಲಿ ನಕ್ಷತ್ರದಾಕಾರದ ಮಂಟಪವಾಗಿ ನಿಂತಿದೆ. ಯಾರೋ ಬಿಟ್ಟುಕೊಟ್ಟಿದ್ದರಿಂದಲೇ ಇನ್ಯಾರೋ ಹಿಡಿದರು.

ಈಗ ಸಂಜೆ ರೈಲ್ವೆ ಪರೀಕ್ಷೆಗೆ ಓದುವ ನಾಲ್ಕು ಹುಡುಗರು ನಮ್ಮ ಜಗುಲಿಗೆ ಬರುತ್ತಾರೆ. ಲೆಕ್ಕ ಹೇಳಿಕೊಡುತ್ತೇನೆ, ಸಿಗ್ನಲ್ಲಿನ ಲೆಕ್ಕಾಚಾರವನ್ನೂ. ಅವರು ‘ಮಾಸ್ಟ್ರೇ’ ಎಂದರೆ ಈಗ ಸಂಕೋಚವಿಲ್ಲ.

ನಿವೃತ್ತಿಯ ಹೊಸ್ತಿಲಲ್ಲಿ ಇರುವವರಿಗೆ ನನ್ನದೊಂದೇ ಮಾತು: ಚಾರ್ಜನ್ನು ಮನಸಾರೆ ಕೊಟ್ಟುಬಿಡಿ, ಎಚ್ಚರವನ್ನು ಇಟ್ಟುಕೊಳ್ಳಿ.